ಮೊದಲ ಗಂಡನ ಟೆಸ್ಟ್ ಮಾಡಸ್ರಿ, ಆಮ್ಯಾಲೆ ಅಂವನ್ನ ಕಾಡಬ್ಯಾಡ್ರಿ

ಈ ಸಲದ್ದು ಓದೋಕಿಂತ ಮೊದಲ ಒಂದ ಮಾತು. ಮೊಬೈಲ್ ಮೊಮ್ಮಕ್ಕಳ ಕೈಯಾಗಿದ್ರ ಇಸ್ಕೊಳ್ರಿ. ಹೋದ ಸಲ ಎಣಗಾಯಿ ಮಸಾಲಿ ಬಗ್ಗೆ ಬರದಾಗ ನಿಮ್ಮೊಳಗ ಎಷ್ಟೋ ಮಂದಿ ಫೋನ್ ಮಾಡಿ, ಶೇಂಗಾ ಹೆಚ್ಚಾತು, ಕೊಬ್ಬರಿ ಕಡಿಮಿ ಆತು ಅಂತ ಜಗಳಾಡಿದ್ರಿ. ಈ ಸಲ ಯಾರೂ ಫೋನ್ ಮಾಡಂಗಿಲ್ಲ ಅಂತ ನನಗ ಗೊತ್ತದ. ಆದ್ರ ಓದ್ತೀರಿ, ಅದೂ ಗೊತ್ತದ.

ಮಕ್ಕಳಾಗಲಿಲ್ಲಂದ್ರ ನಮ್ಮ ಮನಿಗೋಳೊಳಗ ಏನೇನ ನಡೀತದ ಅನ್ನೋದು ನಿಮಗ ಹೇಳಬೇಕಾಗಿಲ್ಲ. ಲಗ್ನ ಆಗಿ ವರ್ಷ ತುಂಬೋದ್ರಾಗ 'ಏನರ ವಿಶೇಷ ಅದ ಏನವಾ?' ಅಂತ ಶುರು. ಎರಡನೇ ವರ್ಷಕ್ಕ ಹುಡುಗಿ ಅಶ್ವತ್ಥಕಟ್ಟಿ ಸುತ್ತಲಿಕ್ಕೆ ಹತ್ತತಾಳ. ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಆಗ್ತದ. ಸೋಮವಾರ ಒಪ್ಪತ್ತು, ಶುಕ್ರವಾರ ಉಡಿ ತುಂಬೋದು. ಆಮ್ಯಾಲೆ ಡಾಕ್ಟರ್ ಕಡೆ. ಥೈರಾಯ್ಡ್ ಟೆಸ್ಟು, ಸ್ಕ್ಯಾನು, ಗರ್ಭನಾಳದಾಗ ಔಷಧ ಬಿಟ್ಟು ತಗಿಯೋ ಎಕ್ಸ್‌ರೇ (ಅದರ ನೋವು ಮಾಡಿಸ್ಕೊಂಡವ್ರಿಗೇ ಗೊತ್ತು), ಕಡೀಕ ಮೂರ್ಛೆ ಕೊಟ್ಟು ಹೊಟ್ಟಿಗೆ ತೂತು ಹಾಕಿ ಲ್ಯಾಪ್ರೊಸ್ಕೋಪಿ. ಇಷ್ಟೆಲ್ಲಾ ನಡಿಯೋ ಮುಂದ ಗಂಡ ಅನ್ನೋಂವ ಹೊರಗ ಕುರ್ಚಿ ಮ್ಯಾಲೆ ಕೂತು ಮೊಬೈಲ್ ನೋಡ್ಲಿಕತ್ತಿರ್ತಾನ. ಅಂವಂಗ ಯಾಕ ಟೆಸ್ಟ್ ಮಾಡಸಲಿಲ್ಲರೀ ಅಂದ್ರ, 'ಅಂವಂಗೇನಾಗೇದ? ಗಟ್ಟಿಮುಟ್ಟ ಇದ್ದಾನ' ಅಂತಾರ.

ನಮ್ಮ ಪೈಕಿ ಒಂದ ಹುಡುಗಿಗೆ ನಾಕ ವರ್ಷ ಹಿಂಗ ನಡೀತು. ಎರಡ ಸಲ ಲ್ಯಾಪ್ರೊಸ್ಕೋಪಿ ಆತು. ಮೈ ತುಂಬ ಹಾರ್ಮೋನ್ ಗುಳಿಗಿ ತಿಂದು ಹದಿನೈದ ಕೇಜಿ ದಪ್ಪ ಆದ್ಲು, ಅದಕ್ಕೂ ಅತ್ತಿ ಮನಿಯವ್ರು ಮಾತಾಡಿದ್ರು. ಐದನೇ ವರ್ಷ ಬ್ಯಾರೆ ಊರಿನ ಡಾಕ್ಟರಮ್ಮ, 'ಗಂಡನ ರಿಪೋರ್ಟ್ ಎಲ್ಲೆ ಅದ?' ಅಂತ ಕೇಳಿದ್ರು. ಇರಲೇ ಇಲ್ಲ. ಮಾಡಿಸಿದ್ರ ವೀರ್ಯಾಣು ಇರಬೇಕಾದದ್ದರೊಳಗ ಹತ್ತರಾಗ ಒಂದ ಪಾಲೂ ಇರಲಿಲ್ಲ. ಒಂದ ಸಣ್ಣ ಡಬ್ಬಿ, ಒಂದ ತಾಸಿನ ಕೆಲಸ, ಯಾವ ಸೂಜಿನೂ ಇಲ್ಲ. ಅದನ್ನ ಬಿಟ್ಟು ಹುಡುಗಿ ಹೊಟ್ಟಿ ಎರಡ ಸಲ ಕೊಯ್ಸಿದ್ರು.

ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದ ಪ್ರಕಾರ ಒಂದ ವರ್ಷ ಗಂಡ ಹೆಂಡತಿ ಕೂಡಿದ್ದು, ಏನೂ ತಡಿ ಮಾಡದೇ ಇದ್ರೂ ಗರ್ಭ ನಿಲ್ಲಲಿಲ್ಲಂದ್ರ ಅದಕ್ಕ ಬಂಜೆತನ ಅಂತಾರ. ಜಗತ್ತಿನ್ಯಾಗ ಆರ ಮಂದಿಯೊಳಗ ಒಬ್ಬರಿಗೆ ಜೀವನದಾಗ ಯಾವಾಗರ ಒಮ್ಮೆ ಇದು ಬರ್ತದಂತ 2023ರೊಳಗ ಅವರ ಹೇಳ್ಯಾರ. ಇಂಥಾ ಜೋಡಿಗಳೊಳಗ ಹೆಚ್ಚುಕಡಿಮಿ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರ್ತದ, ಒಂದೋ ಅಂವಂದಷ್ಟ, ಇಲ್ಲಾ ಇಬ್ಬರದೂ ಕೂಡಿ. ಅರ್ಧ ಅಂದ್ರ ಅಶ್ವತ್ಥಕಟ್ಟಿ ಸುತ್ತೋದ್ರಾಗೂ ಅರ್ಧ ಅಂವಂಗ ಬರಬೇಕಾಗಿತ್ತಲ್ಲ? ದಶರಥ ಮಹಾರಾಜನ ಮೂರೂ ರಾಣಿಯರಿಗೆ ಗಂಡಮಕ್ಕಳಿಲ್ಲಂದ್ರ ಅಡಚಣಿ ಎಲ್ಲೆ ಅದ ಅಂತ ಲೆಕ್ಕ ಹಾಕಲಿಕ್ಕೆ ವಶಿಷ್ಠರೇ ಬೇಕಂತಿಲ್ಲ. ಆದ್ರೂ ಪಾಯಸ ಕುಡದವ್ರು ರಾಣಿಯರು. (ಶಾಂತಾ ಅಂತ ಮಗಳಿದ್ಲು ಅಂತ ಕೆಲವರು ಹೇಳ್ತಾರ, ಅದು ಬ್ಯಾರೆ ಮಾತು.)

ಇಷ್ಟರ ಮಟ್ಟಿಗೆ ನೀವೆಲ್ಲಾರೂ ಹೌದು ಹೌದು ಅಂತೀರಿ, ಗೊತ್ತು. ನನ್ನ ಖರೆ ತಕರಾರು ಇರೋದು ಇದರ ಮುಂದಿನ ಭಾಗದಾಗ. ಗಂಡನ ಟೆಸ್ಟ್ ಆತು, ಕಡಿಮಿ ಬಂತು. ಆಮ್ಯಾಲೆ ಆ ಮನಿಯೊಳಗ ಏನಾಗ್ತದ? ಅಲ್ಲೇ ತನಕ ನಗಕೋತ ಇದ್ದ ಗಂಡಸು ಮೂಲಿ ಹಿಡೀತಾನ. ರಾತ್ರಿ ಹೊತ್ತು ಮಾಡಿ ಬರ್ತಾನ. ಹೆಂಡತಿ ಕಡೆ ಹೊಳ್ಳಿ ನೋಡಂಗಿಲ್ಲ. ಇದನ್ನ ನೋಡಿದ ನಾವು ಹೆಂಗಸರು ಏನ ಮಾತಾಡ್ತೇವಿ? 'ಅಂವ ಗಂಡಸೇ ಅಲ್ಲಂತ.' ದೊಡ್ಡ ತಪ್ಪು ನಡಿಯೋದು ಇಲ್ಲೆ.

ನಮ್ಮ ಭಾಷಾನ ನೋಡ್ರಿ. ಮಕ್ಕಳಾಗದ ಹೆಂಗಸಿಗೆ ಬಂಜಿ ಅಂತ ಒಂದ ಕೆಟ್ಟ ಶಬ್ದ ಇಟ್ಟಾರ. ಮಕ್ಕಳಾಗದ ಗಂಡಸಿಗೆ ಮನಿ ಮಾತಿನ್ಯಾಗ ಶಬ್ದನ ಇಲ್ಲ. ಇರೋವು ಷಂಡ, ನಪುಂಸಕ, ಇಂಥಾವು. ಅವುಗಳ ಅರ್ಥ ಬ್ಯಾರೆ, ಹಾಸಿಗಿ ಮ್ಯಾಲೆ ಆಗಲಾರದಂವ ಅಂತ. ಲ್ಯಾಬಿನ್ಯಾಗ ವೀರ್ಯಾಣು ಕಡಿಮಿ ಬಂದದ ಅಂತ ಹೇಳಿದ್ರ ಅಂವನ ಕಿವಿಗೆ 'ನೀ ಗಂಡಸಲ್ಲ' ಅಂತ ಕೇಳಸ್ತದ. ಯಾಕಂದ್ರ ಬ್ಯಾರೆ ಶಬ್ದ ಅಂವ ಕೇಳೇ ಇಲ್ಲ, ನಾವು ಹೇಳೂ ಇಲ್ಲ.

ನನ್ನ ತಂಗಿ ಮಗಳು ಹುಬ್ಬಳ್ಳಿಯೊಳಗ ಲ್ಯಾಬಿನ್ಯಾಗ ಕೆಲಸ ಮಾಡ್ತಾಳ. ಹೋದ ದೀಪಾವಳಿಗೆ ಬಂದಾಗ ಕರ್ಚಿಕಾಯಿ ತುಂಬಕೋತ ಅಕಿನ್ನ ಕೂಡಿಸಿಕೊಂಡು ಇದೆಲ್ಲಾ ಬಿಡಿಸಿ ಕೇಳಿದೆ. ಅಕಿ ಹೇಳಿದ್ದು ಇದು. ವೃಷಣದೊಳಗ ಎರಡ ಕೆಲಸ ನಡೀತಾವ. ಸಣ್ಣ ಸಣ್ಣ ನಳಿಗಿಯೊಳಗ ವೀರ್ಯಾಣು ತಯಾರ ಆಗ್ತಾವ. ಆ ನಳಿಗಿಗೋಳ ನಡುವಿನ ಸಂದಿಯೊಳಗ ಬ್ಯಾರೆ ಜೀವಕೋಶಗೋಳು ಇರ್ತಾವ, ಅವು ಟೆಸ್ಟೋಸ್ಟೆರೋನ್ ಅನ್ನೋ ಹಾರ್ಮೋನ್ ಮಾಡ್ತಾವ. ಮೀಸಿ, ದನಿ, ಆಸೆ ಇವೆಲ್ಲಾ ಈ ಹಾರ್ಮೋನಿನ ಕೆಲಸ. ಅಂದ್ರ ಒಂದ ಅಡಗಿಮನಿಯೊಳಗ ಎರಡ ಒಲಿ. ಒಂದ ಆರಿದ್ರ ಇನ್ನೊಂದೂ ಆರಬೇಕು ಅಂತೇನಿಲ್ಲ. ಎಷ್ಟೋ ಗಂಡಸರಿಗೆ ವೀರ್ಯಾಣು ಒಂದೂ ಇಲ್ಲದಿದ್ರೂ ಆಸೆಗೆ ಕಡಿಮಿ ಇರಂಗಿಲ್ಲ. ಅದಕ್ಕ ಮತ್ತ ಅವರು, 'ನನಗೆಲ್ಲಾ ಬರೋಬರಿ ಅದ, ನನಗ್ಯಾಕ ಟೆಸ್ಟು' ಅನ್ನೋದು. ಹೊರಗಿಂದ ನೋಡಿದ್ರ ಗೊತ್ತಾಗಂಗಿಲ್ಲ. ವೀರ್ಯದೊಳಗ ವೀರ್ಯಾಣುವಿನ ಪಾಲು ನೂರಕ್ಕ ಐದರಷ್ಟೂ ಇರಂಗಿಲ್ಲಂತ, ಉಳಿದದ್ದೆಲ್ಲಾ ಬ್ಯಾರೆ ಗ್ರಂಥಿಗಳ ರಸ.

ನಂಬಿಕಿ ಬರಲಿಲ್ಲಂದ್ರ ಆಪರೇಷನ್ ಮಾಡಿಸ್ಕೊಂಡ ಗಂಡಸರನ್ನ ನೆನಸ್ಕೊಳ್ರಿ. ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸಾ ಆದ ಮ್ಯಾಲೆ ವೀರ್ಯಾಣು ಸೊನ್ನಿ. ಆಸೆ ಇದ್ದಂಗ ಇರ್ತದ, ಉಳದದ್ದೂ ಇದ್ದಂಗ ಇರ್ತದ. ಆದ್ರೂ ಎಮರ್ಜನ್ಸಿ ಕಾಲದಾಗ ಹುಟ್ಟಿದ ಆ ಅಂಜಿಕಿ, ಅದು ಮಾಡಿಸ್ಕೊಂಡ್ರ ನಿತ್ರಾಣ ಆಗ್ತದ ಅನ್ನೋದು, ಇನ್ನೂ ಹೋಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷಾದಾಗ ನಮ್ಮ ದೇಶದಾಗ ಆಪರೇಷನ್ ಆದ ಹೆಂಗಸರು ನೂರಕ್ಕ 38ರ ಹತ್ರ, ಗಂಡಸರದು ನೂರಕ್ಕ 0.3. ನೋಡ್ರಿ, ಮಕ್ಕಳು ಬೇಕಂದ್ರೂ ಹೊಟ್ಟಿ ನಮ್ಮದ, ಬ್ಯಾಡಂದ್ರೂ ಹೊಟ್ಟಿ ನಮ್ಮದ.

ಇನ್ನ ಉಲ್ಟಾ ಉದಾಹರಣಿನೂ ಅದ. ಜಿಮ್ಮಿಗೆ ಹೋಗೋ ಹುಡುಗರು ಮೈ ಕಟ್ಟಲಿಕ್ಕೆ ಅಂತ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ತಗೋತಾರ. ಕೆಲವರು ನಿತ್ರಾಣಕ್ಕ ಅಂತ ಔಷಧ ಅಂಗಡಿಯವನ ಮಾತು ಕೇಳಿ ತಗೋತಾರ. ಹೊರಗಿಂದ ಹಾರ್ಮೋನ್ ಬರಲಿಕ್ಕೆ ಹತ್ತಿತಂದ್ರ ಮೆದುಳು 'ಸಾಕಾಗೋಷ್ಟು ಅದ' ಅಂತ ತಿಳ್ಕೊಂಡು ವೃಷಣಕ್ಕ ಕೊಡೋ ಹುಕುಂ ನಿಲ್ಲಸ್ತದ. ವೀರ್ಯಾಣು ಇಳೀತಾವ, ಎಷ್ಟೋ ಸಲ ಸೊನ್ನಿಗೇ ಬರ್ತಾವ. ಬಿಟ್ಟ ಮ್ಯಾಲೆ ಹೊಳ್ಳಿ ಬರಲಿಕ್ಕೆ ತಿಂಗಳಾನುಗಟ್ಟಲೆ ಬೇಕು, ಕೆಲವರಿಗೆ ವರ್ಷದ ಮ್ಯಾಲೂ ಹಿಡೀತದ. ತೋಳು ದಪ್ಪ, ಆಸೆ ಜೋರು, ಎಣಿಕಿ ಸೊನ್ನಿ! ಮಗನ ಕಪಾಟಿನ್ಯಾಗ ಇಂಥಾ ಬಾಟ್ಲಿ ಕಂಡ್ರ ಪ್ರೋಟೀನ್ ಪುಡಿ ಅಂತ ಸುಮ್ನ ಬಿಡಬ್ಯಾಡ್ರಿ.

ಹಂಗಂತ ಎಣಿಕಿಗೂ ಆಸೆಗೂ ಏನೂ ಸಂಬಂಧ ಇಲ್ಲ ಅಂತ ನಾ ಹೇಳೋದಿಲ್ಲ. ಇಟಲಿಯ ಫ್ಲಾರೆನ್ಸ್ ಊರಿನ ಡಾಕ್ಟರುಗಳು ಮಕ್ಕಳಾಗದ ಗಂಡಸರನ್ನ ಪರೀಕ್ಷಾ ಮಾಡಿ 2016ರೊಳಗ ಬರದಾರ, ವೀರ್ಯದ ಗುಣ ಎಷ್ಟು ಕೆಟ್ಟದ್ದಿತ್ತೋ ಅಷ್ಟು ಹಾಸಿಗಿ ತೊಂದ್ರಿನೂ ಹೆಚ್ಚಿದ್ದವು ಅಂತ. ಇದಕ್ಕ ಎರಡ ದಾರಿ ಅದಾವ. ಕೆಲವು ಗಂಡಸರಿಗೆ ಎರಡೂ ಒಲಿ ಒಮ್ಮೆ ಮಂದ ಆಗಿರ್ತಾವ. ಹುಟ್ಟತಾನೇ ಒಂದ ಎಕ್ಸ್ ಕ್ರೋಮೋಸೋಮ್ ಹೆಚ್ಚಿಗಿ ಇರೋ ಕ್ಲೈನ್‌ಫೆಲ್ಟರ್ ಅನ್ನೋದು ಅದ, ಅದರಾಗ ಹಂಗ ಆಗ್ತದ. ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿದ್ರೂ ಆಸೆ ಇಳೀತದ. ಇವು ರಕ್ತದ ಟೆಸ್ಟಿನ್ಯಾಗ ಗೊತ್ತಾಗ್ತಾವ. ಅದಕ್ಕ ಗಂಡ 'ನನಗ ಮನಸ್ಸ ಆಗವಲ್ದು' ಅಂದ್ರ ಅದನ್ನೂ ಡಾಕ್ಟರ್ ಮುಂದ ಹೇಳಬೇಕು. ಅದು ಚಾಡಿ ಅಲ್ಲ, ಜ್ವರ ಅದ ಅಂತ ಹೇಳಿದಂಗ ಒಂದ ಲಕ್ಷಣ.

ಎರಡನೇ ದಾರಿ ಮನಸ್ಸಿಂದು, ಇದು ಭಾಳ ಮಂದೀದು. ರಿಪೋರ್ಟ್ ಬಂದ ದಿನದಿಂದ ಹಾಸಿಗಿ ಅಂದ್ರ ಪರೀಕ್ಷಾ ಹಾಲ್ ಆಗ್ತದ. ಅದಕ್ಕ ನಾವು ಮನಿಯವರು ಕ್ಯಾಲೆಂಡರ್ ಬ್ಯಾರೆ ತೂಗು ಹಾಕ್ತೇವಿ. ಡಾಕ್ಟರ್ ಹನ್ನೆರಡನೇ ದಿವಸದಿಂದ ಹದಿನಾರನೇ ದಿವಸ ಅಂತ ಹೇಳಿದ್ದು ಅವರಿಬ್ಬರಿಗೆ. ಅತ್ತಿ, ತಾಯಿ, ದೊಡ್ಡ ನಾದಿನಿ ಎಲ್ಲಾರೂ ಬಟ್ಟು ಮಡಚಿ ಎಣಸ್ಕೋತ ಕೂಡ್ತಾರ. 'ಇವತ್ತ ಲಗೂನ ಮಲಕೊಳ್ರಿ' ಅಂತ ಎಂಟಕ್ಕ ದೀಪಾ ಆರಸ್ತಾರ. ಒಂದ ಮನಿಯೊಳಗ ಹುಡುಗ ಆ ದಿವಸಗಳಿಗೆ ಬರೋಬರಿ ನೈಟ್ ಶಿಫ್ಟ್ ಕೇಳಿ ಹಾಕಿಸ್ಕೊಳ್ಳಲಿಕ್ಕೆ ಹತ್ತಿದ್ದ. ಮನಿಯವರು ಅಂವಂಗ ಬ್ಯಾರೆ ಹೆಂಗಸಿನ ಸಂಬಂಧ ಅದ ಅಂತ ತಿಳ್ಕೊಂಡ್ರು. ಅಂವ ಓಡಿ ಹೋಗ್ತಿದ್ದದ್ದು ಕ್ಯಾಲೆಂಡರಿನಿಂದ. ಹುಕುಂ ಕೊಟ್ರ ಹಸಿವಿ ಆಗ್ತದೇನ್ರೀ? ಇದೂ ಹಂಗ. ಆಗಲಿಲ್ಲಂದ್ರ ಏನ ಮಾಡ್ಲಿ ಅನ್ನೋ ಅಂಜಿಕಿಗೇ ಆಗೋದು ನಿಂತಹೋಗ್ತದ.

ಅಕಿ ಕಡೆದೂ ನೋಡಬೇಕು. ಹೆಂಡತಿಗೆ ಗಂಡ ದೂರ ಸರದ ಮಲಕೊಂಡ್ರ ನಾ ಬ್ಯಾಡಾದೆ ಅನಸ್ತದ, ದಪ್ಪ ಆದೆ ಅನಸ್ತದ, ಬ್ಯಾರೆಯವಳದಾಳ ಅನಸ್ತದ. ಅಂವಂಗ ತನ್ನ ಮ್ಯಾಲೆ ತನಗ ನಾಚಿಕಿ ಬಂದದ ಅಂತ ಅಕಿಗೆ ಹೇಳೋರು ಯಾರು? ಅಂವ ಅಂತೂ ಹೇಳಂಗಿಲ್ಲ. ನಮ್ಮ ಕಡೆ ಗಂಡಸರು ಹಲ್ಲಿನ ಬ್ಯಾನಿನೂ ಬಾಯಿ ಬಿಟ್ಟು ಹೇಳಂಗಿಲ್ಲ.

ಹೇಳೋ ಬದಲಿ ಏನ ಮಾಡ್ತಾರಂದ್ರ, ಬಸ್ ಸ್ಟ್ಯಾಂಡ್ ಗ್ವಾಡಿ ಮ್ಯಾಲೆ ಬರದಿರ್ತದಲ್ಲ 'ಗುಪ್ತ ಸಮಸ್ಯೆ, ಧಾತು ದೌರ್ಬಲ್ಯ' ಅಂತ, ಅಲ್ಲೆ ಹೋಗ್ತಾರ. ಒಂದ ಹನಿ ವೀರ್ಯಕ್ಕ ನಲವತ್ತ ಹನಿ ರಕ್ತ ಅಂತ ಹೇಳಿ ಹೇಳಿ ನಮ್ಮ ಗಂಡಸರನ್ನ ಅಂಜಿಸಿ ಇಟ್ಟಾರ. ಈ ಅಂಜಿಕಿಗೇ ಒಂದ ಹೆಸರದ, 'ಧಾತ್ ಸಿಂಡ್ರೋಮ್' ಅಂತ, 1960ರೊಳಗ ಎನ್.ಎನ್. ವಿಗ್ ಅನ್ನೋ ನಮ್ಮ ದೇಶದ ಮನೋವೈದ್ಯರೇ ಇಟ್ಟದ್ದು. ವೀರ್ಯ ಹೋದ್ರ ಶಕ್ತಿ ಹೋಗ್ತದ ಅಂತ ನಂಬಿ ತಲಿ ಕೆಡಿಸ್ಕೊಂಡು ಬರೋ ಗಂಡಸರನ್ನ ಅವರು ನೋಡಿದ್ರು. ಇದೇ ನಂಬಿಕಿಯಿಂದ ಕೆಲವರು ತಿಂಗಳಾನುಗಟ್ಟಲೆ 'ಉಳಿಸಿ' ಇಡ್ತಾರ, ಕೂಡಿಟ್ರ ಗಟ್ಟಿ ಆಗ್ತದ ಅಂತ. ಲೆಕ್ಕ ಉಲ್ಟಾ. ಭಾಳ ದಿವಸ ಆದ್ರ ಸಂಖ್ಯಾ ಹೆಚ್ಚಾದ್ರೂ ಅವುಗಳ ಓಡೋ ಶಕ್ತಿ ಇಳೀತದ. ವೀರ್ಯ ಏನು ಉಪ್ಪಿನಕಾಯಿ ಅಲ್ಲ, ಇಟ್ಟಷ್ಟು ಛೊಲೊ ಆಗಲಿಕ್ಕೆ.

ಅದಕ್ಕ ಕ್ಯಾಲೆಂಡರ್ ಹರದ ಒಗೀರಿ ಅಂತ ನಾ ಹೇಳೋದು. ಗರ್ಭ ನಿಲ್ಲಲಿಕ್ಕೆ ಬರೋದು ಅಂಡ ಬಿಡುಗಡಿ ಆಗೋ ದಿವಸ ಮತ್ತ ಅದರ ಹಿಂದಿನ ಐದ ದಿವಸ, ಅಷ್ಟ. ವೀರ್ಯಾಣು ಹೆಂಗಸಿನ ಹೊಟ್ಟಿಯೊಳಗ ಕೆಲವು ದಿವಸ ಜೀವ ಹಿಡಕೊಂಡು ಇರ್ತಾವ. ಮುಟ್ಟು ಮುಗದ ಮ್ಯಾಲೆ ದಿವಸ ಬಿಟ್ಟು ದಿವಸ ಇಬ್ಬರೂ ಖುಷಿಯಿಂದ ಕೂಡಿದ್ರ ಆ ಆರ ದಿವಸ ತಾನ ಅದರಾಗ ಸಿಗ್ತಾವ. ಯಾರೂ ಎಣಸೋದು ಬೇಕಾಗಿಲ್ಲ.

ಟೆಸ್ಟಿನ ಬಗ್ಗೆ ಒಂದೆರಡ ಮಾತು, ಯಾಕಂದ್ರ ಕಾಗದ ನೋಡಿ ಮನಿಮಂದಿ ಅಳೋದನ್ನ ಕೇಳೇನಿ. ಎರಡ ದಿವಸಕ್ಕಿಂತ ಕಡಿಮಿ ಇಲ್ಲದಂಗ, ಏಳ ದಿವಸಕ್ಕಿಂತ ಹೆಚ್ಚಿಲ್ಲದಂಗ ಬಿಟ್ಟಿದ್ದು ಕೊಡಬೇಕು. ಎಣ್ಣಿ, ಜೆಲ್ಲಿ ಏನೂ ಹಚ್ಚಬಾರದು. ಲ್ಯಾಬಿನ್ಯಾಗ ಆಗಲಿಲ್ಲಂದ್ರ ಮನಿಯಿಂದ ತರಬಹುದೇನು ಅಂತ ಮೊದಲ ಕೇಳಿಕೊಳ್ರಿ. ತಂದ್ರ ಒಂದ ತಾಸಿನೊಳಗ ಮುಟ್ಟಿಸಬೇಕು, ಥಂಡಿ ಹತ್ತದಂಗ ಮೈಗೆ ಹತ್ರ ಹಿಡಕೊಂಡು. ನನ್ನ ತಂಗಿ ಮಗಳು ಹೇಳ್ತಾಳ, ಎಷ್ಟೋ ಗಂಡಸರು ಆ ಸಣ್ಣ ಖೋಲಿಯೊಳಗ ಹೋಗಿ ಅರ್ಧ ತಾಸ ಕೂತು ಖಾಲಿ ಡಬ್ಬಿ ತಗೊಂಡು ಹೊರಗ ಬರ್ತಾರಂತ, ಕಣ್ಣಾಗ ನೀರ ತುಂಬಕೊಂಡು. ಹೊರಗ ಅವ್ವ, ಮಾವ, ಭಾವ ಎಲ್ಲಾ ಕಾಯಕೋತ ಕೂತಿರ್ತಾರ. ಅಲ್ರೀ, ಅಲ್ಲೆ ಇವರಿಗೇನ ಕೆಲಸ?

ವಿಶ್ವ ಆರೋಗ್ಯ ಸಂಸ್ಥೆಯ 2021ರ ಲೆಕ್ಕದಾಗ ಕೆಳಗಿನ ಗೆರಿ ಅಂದ್ರ ಒಂದ ಎಂ.ಎಲ್.ಗೆ 1 ಕೋಟಿ 60 ಲಕ್ಷ ವೀರ್ಯಾಣು, ಅದರಾಗ ನೂರಕ್ಕ 42 ಅಲುಗಾಡಬೇಕು, ನೂರಕ್ಕ 4 ಆಕಾರದಾಗ ಸರಿ ಇದ್ರ ಸಾಕು. ನಾಕ! 'ನೂರಕ್ಕ 96 ಕೆಟ್ಟಾವ' ಅಂತ ಎದಿ ಒಡ್ಕೊಬ್ಯಾಡ್ರಿ. ಈ ಗೆರಿ ಎಳದದ್ದರ ಹೆಂಗಂದ್ರ, ಒಂದ ವರ್ಷದೊಳಗ ತಂದಿ ಆದ ಗಂಡಸರನ್ನ ನೋಡಿ. ಅವರೊಳಗೂ ನೂರಕ್ಕ ಐದ ಮಂದೀದು ಗೆರಿಗಿಂತ ಕೆಳಗ ಇತ್ತು. ಪಾಸು ಫೇಲು ಅನ್ನೋದಲ್ಲ ಇದು. ಒಂದ ಸಲ ಕಡಿಮಿ ಬಂದ್ರ ಇನ್ನೊಮ್ಮೆ ಮಾಡಸಬೇಕು. ಒಂದ ವೀರ್ಯಾಣು ತಯಾರಾಗಲಿಕ್ಕೆ ಎರಡೂವರಿ ತಿಂಗಳ ಬೇಕು. ಎರಡ ತಿಂಗಳ ಹಿಂದಿನ ಡೆಂಗೂ ಜ್ವರ ಇವತ್ತಿನ ಕಾಗದದಾಗ ಕಾಣಸಬಹುದು. ಹಂಗ ಇವತ್ತ ಗುಟ್ಕಾ, ಬೀಡಿ, ಕುಡಿಯೋದು ಬಿಟ್ಟದ್ದರ ಲಾಭನೂ ಮೂರ ತಿಂಗಳ ಮ್ಯಾಲೆ ಕಾಣಸ್ತದ. ವೃಷಣ ಮೈಗಿಂತ ಎರಡ ಮೂರ ಡಿಗ್ರಿ ತಂಪಿರಬೇಕು, ಅದಕ್ಕ ದೇವರು ಅದನ್ನ ಹೊರಗಿಟ್ಟಾನ. ಬೇಕರಿ ಭಟ್ಟಿ ಮುಂದ ದಿನಾ ನಿಲ್ಲೋರು ಅದನ್ನ ಡಾಕ್ಟರಿಗೆ ಹೇಳಬೇಕು. ವ್ಯಾರಿಕೋಸಿಲ್ ಅಂತ ಅಲ್ಲೆ ರಕ್ತನಾಳ ಉಬ್ಬೋದು ಅದ. ಮಕ್ಕಳಾಗದ ಗಂಡಸರೊಳಗ ಮೂರರಾಗ ಒಬ್ಬರಿಗೆ ಸಿಗ್ತದ, ಎಷ್ಟೋ ಮಂದಿಗೆ ಆಪರೇಷನ್ನಿಂದ ಸುಧಾರಸ್ತದ. ಪೂರಾ ಸೊನ್ನಿ ಇದ್ದವರಿಗೂ ಕೆಲವೊಮ್ಮೆ ವೃಷಣದೊಳಗಿಂದ ಸೂಜಿಯಿಂದ ತಗದು, ಒಂದ ವೀರ್ಯಾಣು ಒಂದ ಅಂಡದೊಳಗ ಇಡಲಿಕ್ಕೆ ಬರ್ತದ. ಆ ಒಂದ ವೀರ್ಯಾಣುವಿನ ವಿದ್ಯಾದಿಂದ 1992ರಿಂದ ಮಕ್ಕಳು ಹುಟ್ಟಲಿಕತ್ತಾವ.

ಈಗ ನಿಮ್ಮೊಳಗ ಹಿರಿಯರು ಕೇಳೋ ಪ್ರಶ್ನೆ. 'ಗಂಡನ ಮಾನ ಮುಖ್ಯ, ದೋಷ ತನ್ನದ ಅಂತ ಅಕಿ ಹೇಳ್ಕೊಂಡ್ರ ಏನ ಹೋಗ್ತದ?' ಈ ಮಾತು ನಾ ಭಾಳ ಕೇಳೇನಿ, ಛೊಲೊ ಹೆಂಗಸರ ಬಾಯಾಗ ಕೇಳೇನಿ. ನಾ ಒಪ್ಪೋದಿಲ್ಲ. ಯಾರದು ಏನು ಅಂತ ಊರಿಗೆ ಹೇಳೋದು ಬ್ಯಾಡ, ಖರೆ. ಅದು ಅವರಿಬ್ಬರ ಗುಟ್ಟು. 'ಟ್ರೀಟ್‌ಮೆಂಟ್ ನಡದದ' ಅಂದ್ರ ಮುಗೀತು. ಆದ್ರ ಅಂವನ ಕಾಗದ ಮುಚ್ಚಿಟ್ಟು ಅಕಿನ್ನ ಬಂಜಿ ಅನಿಸ್ಕೊಳ್ಳಲಿಕ್ಕೆ ಬಿಡೋದು ಮಾನ ಕಾಯೋದಲ್ಲ. ಹಂಗ ಮಾಡಿದ ಗಂಡಸು ಒಳಗೊಳಗ ಇನ್ನಷ್ಟು ಸಣ್ಣಾಂವ ಆಗ್ತಾನ. ತನ್ನ ಸಂಬಂಧ ಬೈಸ್ಕೊಂಡ ಹೆಂಡತಿ ಮುಖಾ ನೋಡಿ ಅಂವಂಗ ಆಸೆ ಎಲ್ಲಿಂದ ಬರಬೇಕು? ಊಟಕ್ಕ ಎದರಾ ಬದರಾ ಕೂಡೋದ ಕಷ್ಟ ಆಗ್ತದ. ಅಂವಂಗೂ ಕೆಟ್ಟ ಹೆಸರು ಬ್ಯಾಡ, ಅಕಿಗೂ ಬ್ಯಾಡ. ಎರಡೂ ಒಮ್ಮೆ ಆಗ್ತದ, ನಾವು ಬಾಯಿ ಮುಚ್ಚಿದ್ರ.

ಇನ್ನ ಕೆಲವರು, ಮೈದುನಂದು ತಗೊಂಡ್ರ ಮನಿ ರಕ್ತ ಮನಿಯಾಗ ಇರ್ತದ ಅಂತ ಸೊಸಿಗೆ ಗೊತ್ತಿಲ್ಲದ ಮಾತಾಡೋದನ್ನ ಕೇಳೇನಿ. ದೇಶದಾಗ 2021ರಿಂದ ಕಾಯ್ದಿ ಅದ. ದಾನಿಯ ವೀರ್ಯ ನೋಂದಣಿ ಆದ ಬ್ಯಾಂಕಿನಿಂದ ಬರಬೇಕು, ಗಂಡ ಹೆಂಡತಿ ಇಬ್ಬರೂ ಬರದು ಒಪ್ಪಿಗಿ ಕೊಡಬೇಕು, ಹುಟ್ಟಿದ ಕೂಸು ಕಾಯ್ದಿ ಪ್ರಕಾರ ಅವರಿಬ್ಬರದ. ಹೆಂಗಸಿಗೆ 50, ಗಂಡಸಿಗೆ 55 ದಾಟಿರಬಾರದು. ಒಪ್ಪಿಗಿ ಕೊಡೋವರ ಪಟ್ಟಿಯೊಳಗ ಅತ್ತಿ ಹೆಸರಿಲ್ಲ, ನಾ ಎರಡ ಸಲ ಕೇಳಿ ಖಾತ್ರಿ ಮಾಡ್ಕೊಂಡೇನಿ.

ಮೊಮ್ಮಕ್ಕಳಿಗೆ ಎಣ್ಣಿ ನೀರು ಹಾಕೋರು ಇನ್ನೊಂದ ಕೆಲಸ ಮಾಡ್ರಿ. ಗಂಡಕೂಸಿನ ಮೈಗೆ ಎಣ್ಣಿ ತಿಕ್ಕೋ ಮುಂದ ಎರಡೂ ಬೀಜ ಕೆಳಗ ಚೀಲದಾಗ ಇಳದಾವೇನು ಅಂತ ಕೈ ಆಡಿಸಿ ನೋಡ್ರಿ, ಬಿಸಿನೀರಿನ್ಯಾಗ ಇದ್ದಾಗ ಸಲೀಸಾಗಿ ಗೊತ್ತಾಗ್ತದ. ಆರ ತಿಂಗಳಾದ್ರೂ ಒಂದ ಮ್ಯಾಲೆ ಉಳದಿದ್ರ ಮಕ್ಕಳ ಡಾಕ್ಟರಿಗೆ ತೋರಸ್ರಿ. ಒಂದ ಒಂದೂವರಿ ವರ್ಷದೊಳಗ ಸಣ್ಣ ಆಪರೇಷನ್ ಮಾಡಿ ಇಳಸ್ತಾರ, ತಡಾ ಆದಷ್ಟು ವೀರ್ಯಾಣು ತಯಾರಾಗೋ ಜಾಗಾ ಕೆಡ್ತದ. ದೊಡ್ಡ ಹುಡುಗರಿಗೆ ಮಂಗನಬಾವು ಬಂದು ಕೆಳಗ ಬಾವು ಬಂದ್ರೂ ಅಷ್ಟ, ಮನಿಮದ್ದು ಹಚ್ಚಕೋತ ಕೂಡಬ್ಯಾಡ್ರಿ, ಅವತ್ತ ಕರಕೊಂಡು ಹೋಗ್ರಿ. ಹುಡುಗ ನಾಚಿಕೊಂಡು ನಿಮ್ಮ ಮುಂದ ಹೇಳಲಿಲ್ಲಂದ್ರ ಅಜ್ಜನ್ನೋ ಕಾಕಾನ್ನೋ ಕೇಳಲಿಕ್ಕೆ ಹಚ್ರಿ.